ಬಾವಿ ತಿರುವಿನಲ್ಲಿ ನಿಂತ ರೇಸಿನ ಕಾರು

ಡಿಪೋದಿಂದ ಮನೆಗೆ ನಡೆದು ಬರುವವನಿಗೆ ಆ ಬಾವಿ ದಾಟದೆ ಬೇರೆ ದಾರಿ ಇರಲಿಲ್ಲ. ರಾತ್ರಿ ಹನ್ನೊಂದೂವರೆ. ಕೊನೆ ಬಸ್ಸು ನಿಲ್ಲಿಸಿ, ಸಹಿ ಹಾಕಿ, ಕೈಯಲ್ಲಿ ಖಾಲಿ ಊಟದ ಡಬ್ಬಿ ಹಿಡಿದುಕೊಂಡು ಬರುತ್ತಿದ್ದ. ಡಬ್ಬಿಯೊಳಗೆ ಚಮಚ ಅಲ್ಲಾಡುವುದು ನನಗೆ ಎರಡನೇ ಮಹಡಿವರೆಗೂ ಕೇಳಿಸುತ್ತಿತ್ತು... ಕಟಕ್, ಕಟಕ್, ಕಟಕ್. ಮೊದಲು ದೊಡ್ಡ ಆಲದ ಮರ. ಮರದ ಬಲಕ್ಕೆ ಬಾವಿ. ಆಮೇಲೆ ನಮ್ಮ ಕಟ್ಟಡದ ಗೇಟು.

ಆ ಒಂದು ರಾತ್ರಿ ಮಾತ್ರ ಚಮಚದ ಸದ್ದು ಬರಲಿಲ್ಲ. ಓಡುವ ಸದ್ದು ಬಂತು. ಅದೂ ಬಾವಿಯವರೆಗೆ ಮಾತ್ರ. ಅಲ್ಲಿಗೆ ನಿಂತುಹೋಯಿತು...

ಯಾರ ವಿಷಯ ಅಂತ ಕೇಳುತ್ತೀರಾ? ನನ್ನ ಗೋಡೆಯಾಚೆ ಮನೆಯವನದ್ದು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಹದಿನೇಳನೇ ನಂಬರಿನ ರೂಟು. ಕಟ್ಟಡದವರೆಲ್ಲ ನಿಧಾನಪ್ಪ ಅನ್ನುತ್ತಿದ್ದರು. ಹೆಸರಿಟ್ಟವಳು ನಾನೇ, ಇರಲಿ. ಅವನ ಬಸ್ಸಿನ ವೇಗದ ಮುಳ್ಳು ಮೂವತ್ತೈದು ದಾಟಿದ್ದನ್ನು ಯಾರೂ ಕಂಡಿಲ್ಲ. ಸೈಕಲ್ಲಿನವರು ಅವನನ್ನು ಹಿಂದೆ ಹಾಕಿ ತಿರುಗಿ ನಗುತ್ತಿದ್ದರು. ಒಳ್ಳೆಯವನೇ. ಆದರೆ ಒಳ್ಳೆಯವರ ವಿಷಯ ಎಷ್ಟು ಹೊತ್ತು ಅಂತ ಮಾತಾಡೋದು ಹೇಳಿ.

ಅವನ ಬಸ್ಸಿಗೆ ಕಂಡಕ್ಟರ್ ಒಬ್ಬ ಹೆಂಗಸು. ಕೊರಳಲ್ಲಿ ಸದಾ ಒಂದು ಹಿತ್ತಾಳೆಯ ವಿಷಲ್ಲು. ಅದಕ್ಕೇ ಪೀಪಿಯಕ್ಕ. ಗಂಡ ಬಿಟ್ಟವಳು, ಇಲ್ಲಾ ಗಂಡನನ್ನು ಬಿಟ್ಟವಳು. ಎರಡೂ ಕಡೆ ವಿಚಾರಿಸಿದ್ದೇನೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಗು ಮಾತ್ರ ಜೋರು. ಹನ್ನೊಂದು ವರ್ಷ ಇಬ್ಬರೂ ಅದೇ ಕೊನೆ ಬಸ್ಸು.

ನೀವೇ ಹೇಳಿ. ಹನ್ನೊಂದು ವರ್ಷ. ರಾತ್ರಿ. ಖಾಲಿ ಬಸ್ಸು. ಜನ ಏನೂ ಅನ್ನದೆ ಇರುತ್ತಾರಾ? ಅವಳು ಅವನನ್ನು ಅಣ್ಣ ಅಂತಲೇ ಕರೆಯುತ್ತಿದ್ದಳು, ನಿಜ. ಅಣ್ಣ ಅಂದ ಮಾತ್ರಕ್ಕೆ ಅಣ್ಣನೇ ಅಂತ ಎಲ್ಲಿ ಬರೆದಿದೆ? ಹೀಗಂತ ಮೊದಲು ಅಂದವಳು ನಾನಲ್ಲ. ಚೆನ್ನಾಗಿ ಅಂದವಳು ನಾನು, ಅಷ್ಟೆ.

ಮಾತು ತಿರುಗಿ ತಿರುಗಿ ಅವನ ಹೆಂಡತಿಯ ಕಿವಿಗೆ ಬಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಅವಳ ಕೆಲಸ. ಬೆಳಿಗ್ಗೆ ಐದಕ್ಕೆ ಹೋಗಬೇಕು. ಜಗಳ ಆಡುವುದಕ್ಕೂ ತ್ರಾಣವಿಲ್ಲದ ಹೆಂಗಸು. ಅವಳು ಕೂಗಾಡುತ್ತಾಳೆ ಅಂತ ಗೋಡೆಗೆ ಲೋಟ ಇಟ್ಟುಕೊಂಡು ಕಾದೆ. ಕೂಗಾಡಲಿಲ್ಲ. ಅಂದದ್ದು ಇಷ್ಟೇ.

"ಕೆಲಸ ಬಿಡಿ ಅನ್ನಲ್ಲ. ಬಸ್ಸು ಬದಲಾಯಿಸಿ ಅನ್ನಲ್ಲ. ಅವಳ ಹತ್ರ ಮಾತಾಡಬೇಡಿ. ನನಗೆ ಅಷ್ಟು ಸಾಕು."

"ಆಯ್ತು," ಅಂದ.

ಅವನು ಆಯ್ತು ಅಂದರೆ ಆಯಿತು. ಮಾರನೇ ದಿನದಿಂದ ಬಸ್ಸಿನಲ್ಲಿ ಮಾತು ನಿಂತಿತು.

ಈಗ ಬಸ್ಸಿನ ಕೆಲಸ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಹಿಡಿಯುವುದಿಲ್ಲ. ಹದಿನೇಳರ ಕೊನೆ ಸ್ಟಾಪು ಬಾವಿ ತಿರುವು. ರಸ್ತೆ ಕಿರಿದು. ಮರಕ್ಕೂ ಬಾವಿಗೂ ನಡುವೆ ಇರುವ ಸಂದಿಗೆ ಬಸ್ಸನ್ನು ಹಿಂದಕ್ಕೆ ಹಾಕಿ, ತಿರುಗಿಸಿಕೊಂಡು ಡಿಪೋಗೆ ಹೋಗಬೇಕು. ಹಿಂದಕ್ಕೆ ಹಾಕುವಾಗ ಕಂಡಕ್ಟರ್ ಕೆಳಗಿಳಿದು ಬಸ್ಸಿನ ಹಿಂದೆ ನಿಲ್ಲಬೇಕು. ಬಾ ಬಾ ಅನ್ನುವುದಕ್ಕೆ ಚಿಕ್ಕ ಚಿಕ್ಕ ವಿಷಲ್ಲು... ಪೀಂ. ಪೀಂ. ಪೀಂ. ಸಾಕು ಅನ್ನುವುದಕ್ಕೆ ಒಂದೇ ಉದ್ದದ್ದು... ಪೀ......ಂ. ಆಮೇಲೆ ಹಿಂದಿನ ಬಾಗಿಲಿಂದ ಹತ್ತಿ, ಮೇಲೆ ಕಟ್ಟಿದ ಹಗ್ಗವನ್ನು ಎರಡು ಸಲ ಎಳೆಯಬೇಕು. ಡ್ರೈವರಿನ ತಲೆ ಮೇಲೆ ಬೆಲ್ಲು ಬಡಿಯುತ್ತದೆ. ಟಣ್... ಟಣ್. ಅದೇ ಡಬಲ್ ಬೆಲ್. ಡಬಲ್ ಬೆಲ್ ಆಗದೆ ಗಾಡಿ ಅಲ್ಲಾಡುವ ಹಾಗಿಲ್ಲ.

ಹೊರಡುವ ಮುಂಚೆ ಡ್ರೈವರ್ ಕನ್ನಡಿ ನೋಡಬೇಕು ಅಂತಲೂ ಕಾನೂನಿದೆಯಂತೆ. ಇವನು ನೋಡುತ್ತಿರಲಿಲ್ಲ. ಯಾಕೆಂದರೆ ಬೆಲ್ಲಿನ ಬೆನ್ನಿಗೇ ಅವಳದ್ದೊಂದು ಕೂಗು.

"ರೈಟಣ್ಣಾ!"

ನನ್ನ ಅಡುಗೆಮನೆ ಕಿಟಕಿಗೆ ಕೇಳಿಸುತ್ತಿತ್ತು ಆ ಕೂಗು. ಅದನ್ನು ಕೇಳಿದ ಮೇಲೆ ಕನ್ನಡಿ ಯಾಕೆ?

ಮಾತು ನಿಂತ ಮೇಲೆ ಕೂಗೂ ನಿಂತಿತು. ಬರೀ ವಿಷಲ್ಲು. ಬರೀ ಬೆಲ್ಲು. ಮೂರು ತಿಂಗಳು ಹೀಗೇ. ಇಬ್ಬರ ನಡುವೆ ಏನೋ ಕೆಟ್ಟಿದೆ ಅಂತ ನಾನು ಅದನ್ನೂ ನಾಲ್ಕು ಮನೆಗೆ ಹಂಚಿದೆ.

ಆ ರಾತ್ರಿ ಅವನಿಗೆ ಸತತ ಮೂರನೇ ದಿನದ ಡಬಲ್ ಡ್ಯೂಟಿ. ಕಣ್ಣೊಳಗೆ ಮರಳು ಹಾಕಿದ ಹಾಗೆ ಇತ್ತಂತೆ. ಬಾವಿ ತಿರುವಿನಲ್ಲಿ ಬಸ್ಸು ಖಾಲಿ. ಅವಳು ಇಳಿದಳು. ಪೀಂ, ಪೀಂ, ಪೀಂ. ಹಿಂದಕ್ಕೆ ಹಾಕಿದ. ಪೀ......ಂ. ನಿಲ್ಲಿಸಿದ. ಬ್ರೇಕಿನ ಗಾಳಿ ಬಿಟ್ಟಿತು, ಸ್ಸ್ಸ್... ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಲೆ ಮೇಲೆ ಟಣ್ ಟಣ್.

ಹೊರಟ.

ಡಿಪೋದಲ್ಲಿ ಇಂಜಿನ್ ಆರಿಸಿ, ಅವಳು ಇಳಿಯಲಿ ಅಂತ ಕಾದ. ಇಳಿಯಲಿಲ್ಲ. ತಿರುಗಿ ನೋಡಿದ. ಟಿಕೆಟ್ ಮಷಿನ್ನು ಅವಳ ಸೀಟಿನ ಮೇಲೆ ಒಂದೇ ಕೂತಿತ್ತು.

ಓಡಿದ. ನಾನು ಕೇಳಿದ ಓಟ ಅದು.

ಬಾವಿಗೆ ಯಾವ ಕಾಲದಲ್ಲೋ ಹಲಗೆ ಮುಚ್ಚಿದ್ದರು. ಹಲಗೆ ನಡುವೆ ಮುರಿದಿತ್ತು. ಉದ್ದ ವಿಷಲ್ಲು ಊದಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿದ್ದಾಳೆ, ಅಷ್ಟೆ. ಬಿದ್ದ ಮೇಲೂ ಕಾಲು ಗಂಟೆ ಜೀವ ಇತ್ತು ಅಂತ ಡಾಕ್ಟರು ಹೇಳಿದರಂತೆ. ಡಿಪೋಗೆ ಹೋಗಿ ತಿರುಗಿ ಓಡಿ ಬರಲು ಅವನಿಗೆ ಹಿಡಿದದ್ದು ಅರ್ಧ ಗಂಟೆ.

ವಿಚಾರಣೆ ಆಯಿತು. "ಡಬಲ್ ಬೆಲ್ ಆಯ್ತು ಸಾರ್, ಅದಕ್ಕೇ ಹೊರಟೆ," ಅಂದ. "ಬಾವಿಯೊಳಗಿಂದ ಹಗ್ಗ ಎಳೆದಳೇನಯ್ಯಾ?" ಅಂತ ಕೇಳಿದರು. ಅದಕ್ಕೂ "ಬೆಲ್ಲು ಆಯ್ತು ಸಾರ್" ಅಂತಲೇ ಅಂದ. ಒಬ್ಬ ಸಾಹೇಬರು ನಮ್ಮ ಕಟ್ಟಡಕ್ಕೂ ಬಂದಿದ್ದರು. ಯಾರಿಗಾದರೂ ಏನಾದರೂ ಗೊತ್ತಾ ಅಂತ. ಗೊತ್ತಿದ್ದವಳು ನಾನೊಬ್ಬಳೇ ಅಲ್ಲವಾ! ಕುರ್ಚಿ ಹಾಕಿ ಕೂರಿಸಿದೆ. "ಇಬ್ಬರಿಗೂ ಮೊದಲು ತುಂಬಾ ಸಲಿಗೆ ಇತ್ತು ಸಾರ್. ಈಚೆಗೆ ಮಾತು ಬಿಟ್ಟಿದ್ದರು," ಅಂದೆ. ಅವರು ಬರೆದುಕೊಂಡರು.

ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಬೇಕಂತಲೇ ಬಿಟ್ಟು ಬಂದ ಅನ್ನುವವರು ಅಂದರು. ನಿದ್ದೆಗಣ್ಣಲ್ಲಿ ಹೊರಟ ಅನ್ನುವವರು ಅಂದರು. ಬೆಲ್ಲು ಆಗಿತ್ತು ಅಂದವರು ಯಾರೂ ಇಲ್ಲ. ಅವನೂ ಆಮೇಲೆ ಹೇಳುವುದು ಬಿಟ್ಟ. ನಿದ್ದೆಯನ್ನೂ ಬಿಟ್ಟ. ಒಂಬತ್ತು ವರ್ಷ ಆ ಗೋಡೆಯಾಚೆ ರಾತ್ರಿಯೆಲ್ಲ ಚಪ್ಪಲಿ ಎಳೆಯುವ ಸದ್ದು... ಸರ್ರ್, ಸರ್ರ್. ನನಗೂ ನಿದ್ದೆ ಕೆಟ್ಟಿತು ಅನ್ನಿ.

ಹೋದ ವರ್ಷ ಅವನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಾಯಿಯ ಒಂದು ಮೂಲೆ. ಕೈಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹೆಂಗಸು, "ಏನಾದರೂ ತಿರುಗಿಸುತ್ತಾ ಇರಲಿ, ಸ್ಟೇರಿಂಗಿನ ಥರದ್ದು" ಅಂದಳು. ಅವನ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಚುರುಕು ಹುಡುಗಿ. ಎಲ್ಲಿಂದಲೋ ಹಳೇ ಆಟದ ಮಷಿನ್ನು, ಪ್ಲಾಸ್ಟಿಕ್ಕಿನ ಸ್ಟೇರಿಂಗು, ಕಾಲಿಗೆ ಎರಡು ಪೆಡಲ್ಲು ತಂದು ಟಿವಿಗೆ ಜೋಡಿಸಿದಳು. ಪೆಡಲ್ಲು ಜಾರದ ಹಾಗೆ ಹಿಂದೆ ಒಂದು ಇಟ್ಟಿಗೆ.

ಆ ಆಟದಲ್ಲಿ ಊರಿಗೆ ಊರೇ ಇದೆ. ಸಮುದ್ರ, ಗುಡ್ಡ, ಸೇತುವೆ, ಪೇಟೆ. ರೇಸಿಗೇ ಹೋಗಬೇಕು ಅಂತಿಲ್ಲ, ಮನಸ್ಸು ಬಂದ ಕಡೆ ಹೋಗಬಹುದು. ಮಗಳು ಅಪ್ಪನಿಗೆ ಅಂತ ಆರಿಸಿದ್ದು ಅದರಲ್ಲೇ ಜೋರಿನ ಕಾರು. ರೇಸಿನ ಕಾರನ್ನೇ ನೋಡಿ ರಸ್ತೆಗೆ ಅಂತ ಮಾಡಿದ್ದಂತೆ. ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಕಪ್ಪೆಯ ಹಾಗಿದೆ. ಹಿಂದೆ ಇಸ್ತ್ರಿ ಹಲಗೆಯಷ್ಟು ಅಗಲದ ರೆಕ್ಕೆ. ಬಾಗಿಲು ಪಕ್ಕಕ್ಕೆ ತೆಗೆಯುವುದಿಲ್ಲ, ದುಂಬಿಯ ರೆಕ್ಕೆಯ ಹಾಗೆ ಮೇಲಕ್ಕೆ ಏಳುತ್ತದೆ. ಒಳಗೆ ಎರಡೇ ಸೀಟು. ಸೀಟಿಗೆ ನಾಲ್ಕು ಪಟ್ಟಿಯ ಬೆಲ್ಟು, ಭುಜದ ಮೇಲಿಂದ ಎರಡು, ಸೊಂಟದಿಂದ ಎರಡು. ಕಣ್ಣು ಮಿಟುಕಿಸುವಷ್ಟರಲ್ಲಿ ಮುನ್ನೂರು ದಾಟುತ್ತದೆ ಅಂತ ಮಗಳು ಹೇಳಿದಳು. ಬಾಗಿಲ ಮೇಲೆ ನಂಬರ್ ಏನು ಹಾಕಲಿ ಅಂತ ಕೇಳಿದರೆ ಅವನು ಬಾಯಿ ತೆರೆದ. ಹದಿನೇಳು.

ಆ ಕಾರನ್ನು ಅವನು ಮೂವತ್ತೈದರಲ್ಲಿ ಓಡಿಸಿದ.

ಮೊದಮೊದಲು ನಗು ಬಂತು ನಮಗೆಲ್ಲ. ಆಮೇಲೆ ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದಳು. ಆವತ್ತು ಕೂಡ ಆಸ್ಪತ್ರೆಯ ಸೋಪಿನ ವಾಸನೆ. ಕಣ್ಣ ಕೆಳಗೆ ಊದಿಕೊಂಡಿತ್ತು.

"ಅಕ್ಕ, ಅರ್ಧ ಗಂಟೆ ಆಡಲಿ ಅಂದ್ರು ವ್ಯಾಯಾಮದವರು. ಇವರು ರಾತ್ರಿ ಪೂರ್ತಿ ಕೂರ್ತಾರೆ. ಒಂದು ಮರದ ಹತ್ರ ಗಾಡಿ ನಿಲ್ಲಿಸಿಕೊಂಡು ಸುಮ್ಮನೆ ಕೂರ್ತಾರೆ. ಮುಂದಕ್ಕೆ ಹೋಗಲ್ಲ, ಎದ್ದೂ ಬರಲ್ಲ. ಎರಡು ಸಲ ಕುರ್ಚಿಯಿಂದ ಬಿದ್ದರು. ನಾನು ಕೂತು ಕಾಯ್ತೀನಿ, ಬೆಳಿಗ್ಗೆ ಕೆಲಸಕ್ಕೆ ಹೋಗ್ತೀನಿ... ಒಂದು ರಾತ್ರಿ ನೀವು ಕೂರ್ತೀರಾ? ನನಗೆ ನಿದ್ದೆ ಬೇಕು. ಬೇರೇನೂ ಬೇಡ."

ಅವಳು ನನ್ನನ್ನು ಕೇಳುವ ಹಾಗಾಯಿತು ಅಂದರೆ ಎಷ್ಟು ಸೋತಿರಬೇಕು ನೋಡಿ. ನಾನು ಹೋದೆ. ಪಾಪ ಅನ್ನಿಸಿ ಹೋದೆ ಅಂದರೆ ನೀವು ನಂಬುವುದಿಲ್ಲ. ಹೊಸದೇನಾದರೂ ಸಿಗುತ್ತದೆ ಅಂತ ಹೋದೆ.

ಅವಳು ಒಳಕೋಣೆಯ ಬಾಗಿಲು ಮುಚ್ಚಿದ್ದೇ ತಡ, ಗೊರಕೆ ಶುರು. ಮುಂದಿನ ಕೋಣೆಯಲ್ಲಿ ದೀಪವಿಲ್ಲ. ಟಿವಿ ಬೆಳಕಿನಲ್ಲಿ ಅವನ ಮುಖ ನೀಲಿ.

"ಬಂದ್ರಾ ಅಕ್ಕ. ಕೂತ್ಕೊಳ್ಳಿ. ಇವತ್ತು ಗೋಡೆ ಅಡ್ಡ ಇಲ್ಲ, ಚೆನ್ನಾಗಿ ಕೇಳಿಸತ್ತೆ."

"ಬಾಯಿ ಸೊಟ್ಟ ಆದರೂ ಮಾತು ನೆಟ್ಟಗಿದೆ ನಿಂದು," ಅಂದೆ.

ಕೂತೆ. ಅವನು ಓಡಿಸಿದ. ಆ ಕಾರಿನ ಗಂಟಲಲ್ಲಿ ಗುರ್ರ್ ಗುರ್ರ್ ಅಂತ ಒಂದೇ ಸಮ ಕೋಪ. ನೂರು ಕುದುರೆ ಕಟ್ಟಿಹಾಕಿದ ಹಾಗೆ. ಇವನು ಅದರ ಲಗಾಮು ಹಿಡಿದು ಮೂವತ್ತೈದರಲ್ಲೇ ಇಟ್ಟಿದ್ದಾನೆ. ಬೇರೆ ಯಾವ್ಯಾವ ಊರಲ್ಲೋ ಕೂತು ಆಡುವವರ ಕಾರುಗಳು ಸುಂಯ್ ಸುಂಯ್ ಅಂತ ಪಕ್ಕದಲ್ಲಿ ಹಾದುಹೋಗುತ್ತಿದ್ದವು. ಒಬ್ಬ ಬೇಕಂತಲೇ ಹಿಂದಿನಿಂದ ಗುದ್ದಿದ. ಇವನು "ಹೋಗಪ್ಪ, ಹೋಗು" ಅಂತ ಪಕ್ಕಕ್ಕೆ ಸರಿದ. ಬಸ್ಸು ನಿಲ್ಲುವ ಜಾಗದ ಹಾಗೆ ಕಂಡ ಕಡೆಯೆಲ್ಲ ನಿಲ್ಲಿಸಿದ. ಹತ್ತು ಎಣಿಸಿದ. ಹೊರಟ.

"ಯಾರೂ ಹತ್ತಲಿಲ್ಲವಲ್ಲೋ," ಅಂದೆ.

"ಹತ್ತೋದು ಬಿಡೋದು ಅವರಿಷ್ಟ ಅಕ್ಕ. ನಿಲ್ಲಿಸೋದು ನನ್ನ ಕೆಲಸ."

ಹೋಗುತ್ತಾ ಹೋಗುತ್ತಾ ಪೇಟೆ ಮುಗಿಯಿತು. ದೀಪಗಳು ಕಮ್ಮಿಯಾದವು. ಒಂದು ತಿರುವು ಬಂತು. ದೊಡ್ಡ ಮರ. ಮರದ ಬಲಕ್ಕೆ ಕಲ್ಲು ಕಟ್ಟಿದ ಒಂದು ಬಾವಿ. ನಮ್ಮ ಮರವೂ ಅಲ್ಲ, ನಮ್ಮ ಬಾವಿಯೂ ಅಲ್ಲ. ನಡುವಿನ ಸಂದಿ ಮಾತ್ರ... ಅದೇ ಅಳತೆ.

ಅಷ್ಟಗಲದ ರಸ್ತೆಯಲ್ಲಿ ಅಷ್ಟು ಚಿಕ್ಕ ಕಾರನ್ನು ತಿರುಗಿಸಲು ಹಿಂದಕ್ಕೆ ಹಾಕುವ ಅಗತ್ಯವೇ ಇಲ್ಲ. ಅವನು ಹಾಕಿದ. ಬಲಗೈ ಬಾರದು, ಎಡಗೈಯಲ್ಲೇ ಸ್ಟೇರಿಂಗು ಒತ್ತಿ ಒತ್ತಿ ತಿರುಗಿಸಿದ. ಕಿರ್ರ್... ಕಿರ್ರ್. ಬೆವರಿದ್ದ. ಆ ಸಂದಿಯೊಳಗೆ ಕಾರನ್ನು ಕೂರಿಸಿ, ಬ್ರೇಕಿನ ಪೆಡಲ್ಲು ತುಳಿದು ಹಿಡಿದ. ಕೂತ.

ಫ್ರಿಜ್ಜು ಗುಂಯ್ ಅನ್ನುತ್ತಿತ್ತು. ಒಳಗೆ ಗೊರಕೆ. ಒಂದು ನಿಮಿಷ... ಎರಡು ನಿಮಿಷ... ನನಗೆ ಆಕಳಿಕೆ ಬಂತು.

ಟಣ್ ಟಣ್.

ನನ್ನ ತಲೆ ಮೇಲೆ. ಸರಿಯಾಗಿ ನಡುನೆತ್ತಿಯ ಮೇಲೆ. ಕತ್ತೆತ್ತಿದೆ. ಫ್ಯಾನು. ನಿಂತ ಫ್ಯಾನು.

"ಏನೋ ಅದು?" ಅಂದೆ.

"ಬೆಲ್ಲು."

"ಟಿವಿಯಿಂದಾ?"

"ಟಿವಿ ಸೌಂಡು ತೆಗೆದು ನೋಡಿ."

ತೆಗೆದೆ. ಗುರ್ರ್ ಅನ್ನುವುದು ನಿಂತಿತು. ಕೋಣೆಯಲ್ಲಿ ನಮ್ಮಿಬ್ಬರ ಉಸಿರು...

ಟಣ್ ಟಣ್.

ನಾನು ಅವನ ತೋಳು ಹಿಡಿದುಕೊಂಡೆ. ಮೂವತ್ತು ವರ್ಷದ ನೆರೆಹೊರೆಯಲ್ಲಿ ಅವನನ್ನು ಮುಟ್ಟಿದ್ದು ಅದೇ ಮೊದಲು.

"ಹಾಗಾದ್ರೆ... ಆವತ್ತು ಆಗಿತ್ತು."

"ಆಗಿತ್ತು ಅಂತ ಹೇಳಿದ್ದೆನಲ್ಲ ಅಕ್ಕ."

"ಮತ್ತೆ ಹೊರಡಪ್ಪಾ! ಆಯ್ತಲ್ಲ ಡಬಲ್ ಬೆಲ್!"

ಅವನು ತಲೆಯಾಡಿಸಿದ. "ಇದು ಅವಳಲ್ಲ."

ನಾನು ಮತ್ತೆ ಫ್ಯಾನಿನ ಕಡೆ ನೋಡಿದೆ.

"ಅವಳು ಎಳೆದ್ರೆ ನಡುವೆ ಒಂದು ಉಸಿರಿನಷ್ಟು ಜಾಗ ಇರ್ತಿತ್ತು. ಟಣ್... ಟಣ್. ಹನ್ನೊಂದು ವರ್ಷ ಕೇಳಿದೀನಿ. ಇದು ಅವಸರ. ಆವತ್ತೂ ಅವಸರದ್ದೇ ಆಗಿತ್ತು. ಸುಸ್ತಾಗಿತ್ತು ನನಗೆ, ಗಮನ ಕೊಡಲಿಲ್ಲ."

"ಹಾಗಾದ್ರೆ ಯಾರು?"

"ಗೊತ್ತಿಲ್ಲ. ನಾನು ಬೇಗ ಹೊರಡಲಿ ಅಂತ ಯಾರಿಗೋ ಇದೆ."

ಟಣ್ ಟಣ್. ಟಣ್ ಟಣ್.

ಬ್ರೇಕಿನ ಮೇಲೆ ಅವನ ಕಾಲು ನಡುಗುತ್ತಿತ್ತು. ಪ್ಲಾಸ್ಟಿಕ್ ಪೆಡಲ್ಲು ಇಟ್ಟಿಗೆಗೆ ತಾಗಿ ಟಕಟಕ ಅನ್ನುತ್ತಿತ್ತು.

"ದಿನಾ ಹೀಗೇ," ಅಂದ. "ಬೆಳಗಿನ ಜಾವದವರೆಗೆ ಬಾರಿಸುತ್ತೆ. ನಾನು ಹಿಡ್ಕೊಂಡಿರ್ತೀನಿ. ಕಾಲು ಸೋತಿದೆ ಅಕ್ಕ. ಒಂದಿನ ಬಿಟ್ಟುಬಿಡ್ತೀನಿ ಅನ್ಸುತ್ತೆ."

"ಬಿಟ್ಟರೆ ಏನೋ? ಟಿವಿಯಲ್ಲಿರೋ ಕಾರು."

"ಬಿಟ್ಟರೆ ಅವಳನ್ನ ಇನ್ನೊಂದು ಸಲ ಅಲ್ಲೇ ಬಿಟ್ಟು ಬಂದ ಹಾಗೆ."

"ಮತ್ತೆ ಯಾತಕ್ಕೆ ಕಾಯ್ತಿದ್ದೀಯ?"

"ಕೂಗಿಗೆ."

"ಯಾವ ಕೂಗು?"

"ನಿಮಗೆ ಗೊತ್ತು. ನಿಮ್ಮಿಂದಲೇ ನಿಂತದ್ದು."

ಕೋಪದಲ್ಲಿ ಅನ್ನಲಿಲ್ಲ ಅವನು. ನೀರಿನ ಲೋಟ ಇತ್ತ ಸರಿಸಿ ಅನ್ನುವ ಹಾಗೆ ಅಂದ. ಬೈದಿದ್ದರೆ ನನಗೆ ತಿರುಗಿ ಬೈಯಲು ಬರುತ್ತಿತ್ತು. ಹೀಗೆ ಅಂದರೆ ಏನು ಮಾಡೋದು?

"ಆವತ್ತು ಮಾತು ಇದ್ದಿದ್ದರೆ," ಅಂದ, "ಬೆಲ್ಲಾದರೂ ಕೂಗು ಬಂದಿಲ್ಲವಲ್ಲ ಅಂತ ತಿರುಗಿ ನೋಡ್ತಿದ್ದೆ. ಅಷ್ಟೇ ಅಕ್ಕ. ತಿರುಗಿ ನೋಡ್ತಿದ್ದೆ."

ಟಣ್ ಟಣ್. ಟಣ್ ಟಣ್. ಟಣ್ ಟಣ್.

ಅವನ ಕಾಲು ಮೇಲೇಳುತ್ತಿತ್ತು. ನಾನು ಕಂಡೆ. ಟಿವಿಯಲ್ಲಿ ಕಾರು ಒಂದು ಗೇಣು ಮುಂದಕ್ಕೆ ಜಾರಿತು. ನಾನು ಕೆಳಗೆ ಕೂತು ಎರಡೂ ಕೈಯಲ್ಲಿ ಅವನ ಪಾದ ಒತ್ತಿ ಹಿಡಿದೆ. ಅರವತ್ತೆಂಟು ವರ್ಷದ ಹೆಂಗಸು ನಾನು. ಮಂಡಿ ಬಗ್ಗಿಸಿದರೆ ಏಳಲು ಇನ್ನೊಬ್ಬರು ಬೇಕು. ನೆಲದ ಮೇಲೆ ಕೂತು ಆ ಪೆಡಲ್ಲು ಹಿಡಿದಿದ್ದೇನೆ. ಮೇಲೆ ಬೆಲ್ಲು ಬಡಿಯುತ್ತಲೇ ಇದೆ.

ನಾನು ಹುಟ್ಟಿದಾಗಿನಿಂದ ಯಾರ ಹತ್ತಿರವೂ ತಪ್ಪಾಯ್ತು ಅಂದವಳಲ್ಲ. ನನ್ನ ಗಂಡನ ಹತ್ತಿರವೂ ಅಂದಿಲ್ಲ, ಬೇಕಾದರೆ... ಅವನಿದ್ದಿದ್ದರೆ ಕೇಳಬಹುದಿತ್ತು. ಆವತ್ತು ಮಾತ್ರ ಟಿವಿಯಲ್ಲಿರುವ ಆ ಕಾರಿನ ಎಡಗಡೆ ಸೀಟನ್ನು ನೋಡಿಕೊಂಡು ಹೇಳಿದೆ. ಖಾಲಿ ಸೀಟು. ನಾಲ್ಕು ಪಟ್ಟಿ ಸಡಿಲವಾಗಿ ಜೋಲುತ್ತಿದ್ದವು.

"ಕೂಗಮ್ಮ," ಅಂದೆ. "ಇನ್ನು ಯಾರೂ ಏನೂ ಅನ್ನಲ್ಲ. ನಾನು ಅನ್ನಲ್ಲ. ಅಂದಿದ್ದೆಲ್ಲ ನಾನು ಕಟ್ಟಿದ್ದು. ನಿಮ್ಮಿಬ್ಬರ ನಡುವೆ ಏನೂ ಕಂಡಿರಲಿಲ್ಲ ನಾನು. ಒಂದು ದಿನವೂ ಕಂಡಿರಲಿಲ್ಲ. ಅವನಿಗೂ ಸಾಕಾಗಿದೆ, ನಿನಗೂ ಸಾಕಾಗಿರಬೇಕು. ಕೂಗು."

ಬೆಲ್ಲು ನಿಂತಿತು.

ಫ್ರಿಜ್ಜು ಕೂಡ ಗುಂಯ್ ಅನ್ನುವುದನ್ನು ನಿಲ್ಲಿಸಿತು. ಒಳಗಿನ ಗೊರಕೆಯೂ ಕೇಳಲಿಲ್ಲ. ಎಷ್ಟು ಹೊತ್ತೋ... ಆಮೇಲೆ, ಬಹ್ಹಳ ನಿಧಾನವಾಗಿ...

ಟಣ್...

ಒಂದು ಉಸಿರು.

...ಟಣ್.

ಅದರ ಬೆನ್ನಿಗೆ, ಟಿವಿಯಿಂದಲ್ಲ, ಮೇಲಿಂದಲೂ ಅಲ್ಲ, ಹಿಂದಿನಿಂದ. ನಮ್ಮ ಕುರ್ಚಿಗಳ ಹಿಂದೆ, ಬಸ್ಸಿನಲ್ಲಾದರೆ ಹಿಂದಿನ ಬಾಗಿಲು ಎಷ್ಟು ದೂರವೋ ಅಷ್ಟು ದೂರದಿಂದ. ಜೋರಾಗಿ ಅಲ್ಲ. ದಿನವಿಡೀ ನಿಂತು ನಿಂತು ಕಾಲು ಬಿದ್ದುಹೋದವರ ದನಿ.

"ರೈಟಣ್ಣ..."

ನಾನು ಅವನ ಪಾದ ಬಿಟ್ಟೆ.

ಅವನು ಕೂಡಲೇ ಹೊರಡಲಿಲ್ಲ. ಮೊದಲು ಕತ್ತೆತ್ತಿ ಟಿವಿಯ ಮೇಲುಗಡೆ, ಆ ಕಾರಿನ ಪುಟ್ಟ ಕನ್ನಡಿ ಇರುತ್ತದಲ್ಲ, ಅದನ್ನು ನೋಡಿದ. ಚೆನ್ನಾಗಿ ನೋಡಿದ. ಏನು ಕಂಡಿತು ಅಂತ ನಾನು ಕೇಳಲಿಲ್ಲ. ಕೇಳಬೇಕಾದದ್ದನ್ನು ಕೇಳದೆ ಇದ್ದದ್ದು ನನ್ನ ಜನ್ಮದಲ್ಲಿ ಅದೊಂದೇ.

ಆಮೇಲೆ ಹೊರಟ. ಮೂವತ್ತೈದರಲ್ಲೇ. ಖಾಲಿ ರಸ್ತೆ. ಒಂದು ದೊಡ್ಡ ಪೆಟ್ರೋಲ್ ಬಂಕಿನ ಹಾಗಿರುವ ಕಡೆ ಕಾರು ತಂದು, ಗೋಡೆಗೆ ನೇರ ಮಾಡಿ ನಿಲ್ಲಿಸಿದ. ಬಾಗಿಲು ಎರಡೂ ಮೇಲಕ್ಕೆದ್ದವು.

"ಇಳಿಯಮ್ಮ," ಅಂದ. "ಸೈನ್ ಮಾಡೋಣ."

ಅಷ್ಟು ಹೇಳಿ ತಲೆ ಎದೆ ಮೇಲೆ ಹಾಕಿಕೊಂಡ. ಹೋಗೇಬಿಟ್ಟ ಅಂದುಕೊಂಡೆ. ಕುರ್ಚಿ ಹಿಡಿದು ಎದ್ದು, ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಬಿಸಿ ಉಸಿರು. ನಿದ್ದೆ. ಒಂಬತ್ತು ವರ್ಷದ ನಿದ್ದೆ. ಬೆಳಿಗ್ಗೆ ಹೆಂಡತಿ ಎದ್ದು ಬಂದು ಅವನನ್ನು ನೋಡಿದಳು, ನೆಲದ ಮೇಲೆ ಗೋಡೆಗೊರಗಿ ಕೂತ ನನ್ನನ್ನು ನೋಡಿದಳು. ಅವನಿಗೆ ಒಂದು ಹೊದಿಕೆ ಹೊದಿಸಿದಳು. ಸ್ವಲ್ಪ ಹೊತ್ತು ನಿಂತು, ನನಗೂ ಒಂದು ತಂದು ಹೊದಿಸಿ ಕೆಲಸಕ್ಕೆ ಹೋದಳು. ಅವನು ಎದ್ದದ್ದು ಮಧ್ಯಾಹ್ನ.

ಆವತ್ತಿನಿಂದ ಅವನು ಆ ಮಷಿನ್ನು ಮುಟ್ಟಿಲ್ಲ. ರಾತ್ರಿ ಗೋಡೆಯಾಚೆ ಚಪ್ಪಲಿಯ ಸದ್ದಿಲ್ಲ. ನನಗೇ ಈಗ ನಿದ್ದೆ ಬರುವುದಿಲ್ಲ, ಆ ಮಾತು ಬೇರೆ.

ನಾನು ಮನೆಮನೆಗೆ ಹೋಗಿ ಹೇಳಿದೆ. ಬೆಲ್ಲು ಆಗಿತ್ತು, ನಾನೇ ಕೇಳಿದೆ, ಅವನು ಸುಳ್ಳಾಡಲಿಲ್ಲ ಅಂತ. ಯಾರಾದರೂ ನಂಬಬೇಕಲ್ಲ! ಸುಳ್ಳು ಹೇಳಿದಾಗ ಬಾಯಿ ಬಿಟ್ಟುಕೊಂಡು ಕೇಳಿದವರೇ ಈಗ "ಆಯ್ತು ದೊಡ್ಡಮ್ಮ, ಒಲೆ ಮೇಲೆ ಹಾಲಿಟ್ಟಿದ್ದೀನಿ" ಅಂತ ಬಾಗಿಲು ಹಾಕಿಕೊಂಡರು. ಬಿಡಲಿಲ್ಲ ನಾನು. ಬಸ್ಸು ಹತ್ತಿ ಡಿಪೋಗೂ ಹೋದೆ. ಅಲ್ಲಿನ ಸಾಹೇಬರಿಗೆ, "ಆವತ್ತು ನಾನು ಹೇಳಿದ್ದು ಸುಳ್ಳು, ಈಗ ಹೇಳೋದು ಬರ್ಕೊಳ್ಳಿ" ಅಂದೆ.

"ಬೆಲ್ಲು ಎಲ್ಲಿ ಕೇಳಿದ್ರಿ ಅಜ್ಜಿ?"

"ಅವರ ಮನೇಲಿ. ಆಟದ ಕಾರು ನಿಂತಿತ್ತಲ್ಲ, ಆಗ."

ಕುಡಿಯಲು ನೀರು ಕೊಟ್ಟರು. ಒಬ್ಬರನ್ನು ಜೊತೆಗೆ ಕಳಿಸಿ ಬಸ್ಸು ಹತ್ತಿಸಿದರು. ಇಷ್ಟೇ ಆಗಿದ್ದು.

ಅನ್ನಲ್ಲ ಅಂತ ಪೀಪಿಯಕ್ಕನಿಗೆ ಮಾತು ಕೊಟ್ಟಿದ್ದೆ. ಇದು ಅನ್ನುವುದಲ್ಲ, ನಡೆದದ್ದನ್ನು ಹೇಳುವುದು. ವ್ಯತ್ಯಾಸ ನನಗೂ ಈಚೆಗೆ ತಿಳಿದದ್ದು. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಸುಳ್ಳಾಗಿದ್ದರೆ ನಾನು ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದೆ.

ಹೋದ ವಾರ ಅವನ ಮಗಳು ಮಷಿನ್ನು ಯಾರಿಗೋ ಕೊಟ್ಟುಬಿಡೋಣ ಅಂತ ಒರೆಸಿ, ಒಂದು ಸಲ ಹಾಕಿ ನೋಡಿದಳು. ನನ್ನನ್ನು ಕೂಗಿ ಕರೆದಳು. "ದೊಡ್ಡಮ್ಮ, ಇದನ್ನ ನೋಡಿ." ಕಾರು ಅವನು ನಿಲ್ಲಿಸಿದ ಕಡೆಯೇ ನಿಂತಿತ್ತು. ಆ ಪಕ್ಕದ ಸೀಟಿಗೆ ಯಾರನ್ನೂ ಕೂರಿಸಲು ಬರುವುದಿಲ್ಲವಂತೆ, ಅದರ ಬೆಲ್ಟನ್ನು ಹಾಕಲೂ ಬರುವುದಿಲ್ಲವಂತೆ, ಬರೀ ನೋಡುವುದಕ್ಕೆ ಬಿಡಿಸಿದ್ದಂತೆ. ಅವಳು ಹತ್ತು ಸಲ ಆರಿಸಿ ಹತ್ತು ಸಲ ಹಾಕಿದಳು. ಮಷಿನ್ನನ್ನು ಯಾರಿಗೂ ಕೊಡಲಿಲ್ಲ.

ಖಾಲಿ ಸೀಟು. ನಾಲ್ಕೂ ಪಟ್ಟಿ ಹಾಕಿತ್ತು. ಜೋಲುತ್ತಿರಲಿಲ್ಲ. ಭುಜದ ಹತ್ತಿರ ಎತ್ತರಕ್ಕೆ, ಸೊಂಟದ ಹತ್ತಿರ ಬಿಗಿಯಾಗಿ, ಒಳಗೆ ಒಬ್ಬರು ಕೂತಷ್ಟೇ ಜಾಗ ಬಿಟ್ಟು.